ಎರಡೂವರೆ ಲಕ್ಷದ ಪರದೆ: ಘಟ್ಟದಂಚಿನ ಶಾಲೆಯೊಂದರ ಲೆಕ್ಕ

ಶಿರಸಿಯಿಂದ ಕುಮಟಾ ರಸ್ತೆ ಹಿಡಿದರೆ ದೇವಿಮನೆ ಘಟ್ಟ ಇಳಿಯುವುದಕ್ಕೆ ಮೊದಲು ಎರಡೂ ಕಡೆ ಅಡಿಕೆ ತೋಟದ ಕಣಿವೆಗಳು ಸಿಗುತ್ತವೆ. ಅಂಥ ಒಂದು ಕಣಿವೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯನ್ನು ಇಲ್ಲಿ ಎತ್ತಿಕೊಂಡಿದೆ. ಹೆಸರು ಹುಡುಕುವುದು ಬೇಡ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ ಕಡೆಯ ಎಷ್ಟೋ ಶಾಲೆಗಳಲ್ಲಿ ಕಾಣುವ ಸ್ಥಿತಿಯನ್ನು ಒಂದೇ ಕಟ್ಟಡದೊಳಗೆ ಕೂರಿಸಿದ್ದು ಇದು. ಮಕ್ಕಳ ಸಂಖ್ಯೆ, ಕೊಟೇಶನ್ನಿನ ಮೊತ್ತ, ದರ ಎಲ್ಲವೂ ಲೆಕ್ಕ ಬಿಡಿಸಲೆಂದು ಇಟ್ಟುಕೊಂಡ ಅಂದಾಜುಗಳು. ನಿಮ್ಮೂರಿನ ದರ ಹಾಕಿಕೊಂಡು ಅದೇ ಲೆಕ್ಕವನ್ನು ಮತ್ತೆ ಮಾಡಬಹುದು, ಮಾಡಬೇಕು.

ಒಂದರಿಂದ ಏಳನೇ ತರಗತಿವರೆಗೆ 52 ಮಕ್ಕಳು, ಮೂವರು ಶಿಕ್ಷಕರು. ಒಂದರಿಂದ ಮೂರು ನಲಿ-ಕಲಿ, ಅಂದರೆ ಮೂರೂ ತರಗತಿ ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯುವ ಪದ್ಧತಿ, ಅಕ್ಕೋರೊಬ್ಬರ ಪಾಲು, 20 ಮಕ್ಕಳು. ನಾಲ್ಕು-ಐದು ಸೇರಿ 16, ಆರು-ಏಳು ಸೇರಿ 16. ಮುಖ್ಯಾಧ್ಯಾಪಕರೂ ಪಾಠ ಮಾಡುತ್ತಾರೆ. ಅವರು ಶಿರಸಿಗೆ ಮೀಟಿಂಗಿಗೆ ಹೋದ ದಿನ ಇಬ್ಬರೇ. ಹಂಚಿನ ಮಾಡು, ಚಿರೆಕಲ್ಲಿನ ಗೋಡೆ, ಬೆಳಕಿಗೆಂದು ಅಲ್ಲಲ್ಲಿ ಗಾಜಿನ ಹಂಚು. ಮೊಬೈಲ್ ಸಿಗ್ನಲ್ಲು ಶಾಲೆಯ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ.

ಶಾಲೆಗೆ ನೂರು ವರ್ಷ ತುಂಬುತ್ತದೆ. ಬೆಂಗಳೂರು, ಮುಂಬೈ ಸೇರಿದ ಹಳೆಯ ವಿದ್ಯಾರ್ಥಿಗಳು ಶತಮಾನೋತ್ಸವದ ಹೆಸರಲ್ಲಿ 2,50,000 ರೂಪಾಯಿ ಕೂಡಿಸಿದ್ದಾರೆ. ಅವರ ಆಸೆ ‘ಸ್ಮಾರ್ಟ್ ಕ್ಲಾಸು’. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ಮುಂದೆ ಮಾರಾಟಗಾರರೊಬ್ಬರ ಕೊಟೇಶನ್ನೂ ಬಂದಿದೆ: ಮುಟ್ಟಿದರೆ ಬರೆಯುವ 65 ಇಂಚಿನ ಪ್ಯಾನೆಲ್ಲಿಗೆ 1,60,000, ಪಾಠಗಳ ಚಂದಾ ವರ್ಷಕ್ಕೆ 15,000ದಂತೆ ಐದು ವರ್ಷಕ್ಕೆ 75,000. ಕೂಡಿಸಿದರೆ 2,35,000. ಉಳಿದ 15,000 ಉದ್ಘಾಟನೆಯ ಊಟಕ್ಕೆ ಸಾಕು ಎಂದು ಯಾರೋ ನಕ್ಕರು. ತಮಾಷೆಗೆ ಅಂದದ್ದಾದರೂ ಎಷ್ಟೋ ಕಡೆ ಹಣ ಮುಗಿಯುವುದು ಹೀಗೆಯೇ.

ಕೊಟೇಶನ್ನಿನ ಎರಡನೇ ಹಾಳೆಯ ಸಣ್ಣ ಅಕ್ಷರಗಳನ್ನು ಓದಿದವರು ಏಳನೇ ತರಗತಿಯ ಹುಡುಗಿಯೊಬ್ಬಳ ತಾಯಿ. ‘ವಿದ್ಯುತ್ ಏರಿಳಿತ, ಸಿಡಿಲು, ತೇವಾಂಶ ಹಾಗೂ ಭೌತಿಕ ಹಾನಿಗೆ ವಾರಂಟಿ ಅನ್ವಯಿಸುವುದಿಲ್ಲ.’

“ಮಾಸ್ತರ್ರೇ, ನಮ್ಮೂರಲ್ಲಿ ಇವು ನಾಲ್ಕನ್ನೂ ಬಿಟ್ಟು ಬೇರೆ ಕಾರಣಕ್ಕೆ ಏನಾದ್ರೂ ಹಾಳಾದ್ದು ಉಂಟಾ?”

ಸರ್ವಿಸ್ ಸೆಂಟರ್ ಹುಬ್ಬಳ್ಳಿಯಲ್ಲಿ. ಶಿರಸಿಯಿಂದ ನೂರು ಕಿಲೋಮೀಟರ್ ಆಸುಪಾಸು. 65 ಇಂಚಿನ ಗಾಜನ್ನು ಬಾಡಿಗೆ ಗಾಡಿಯಲ್ಲಿ ಅಲ್ಲಿಗೆ ಒಯ್ದು ತರುವ ಖರ್ಚು ಯಾವ ಕೊಟೇಶನ್ನಿನಲ್ಲೂ ಇರುವುದಿಲ್ಲ.

ಒಂದು ತಾಸಿನ ಬೆಲೆ

ತಂತ್ರಜ್ಞಾನ ಬೇಕೋ ಬೇಡವೋ ಎಂದು ಕೇಳಿದರೆ ಸಭೆ ಎರಡು ಪಕ್ಷವಾಗುತ್ತದೆ, ಅಷ್ಟೇ. ‘ಇದು ಓಡುವ ಒಂದು ತಾಸಿಗೆ ಎಷ್ಟು ಬೀಳುತ್ತದೆ, ಆ ತಾಸಿನಲ್ಲಿ ಮೊದಲು ಏನು ನಡೆಯುತ್ತಿತ್ತು’ ಎಂದು ಕೇಳಿದರೆ ಉತ್ತರ ಸಿಗುತ್ತದೆ.

ಪ್ಯಾನೆಲ್ ಬದಿಗಿಟ್ಟು, ಸಾಧಾರಣ 55 ಇಂಚಿನ ಟಿವಿಯ ಲೆಕ್ಕ ಹಾಕೋಣ. ಟಿವಿಗೆ 42,000. ಕಬ್ಬಿಣದ ಚೌಕಟ್ಟು, ಬೋಲ್ಟು, ಬಾಗಿಲಿರುವ ಪ್ಲೈವುಡ್ ಪೆಟ್ಟಿಗೆಗೆ 7,000. ಬೇರೆಯದೇ ವೈರಿಂಗು, ಎಂಸಿಬಿ (ಹೊರೆ ಹೆಚ್ಚಾದರೆ ತಾನಾಗಿ ಆರುವ ಸ್ವಿಚ್ಚು), ಸರ್ಜ್ ಪ್ರೊಟೆಕ್ಟರು, ಅರ್ಥಿಂಗಿಗೆ 14,000. ಇನ್ವರ್ಟರು ಮತ್ತು 150 ಎಎಚ್ (ಆಂಪಿಯರ್-ಅವರ್) ಟ್ಯುಬ್ಯುಲರ್ ಬ್ಯಾಟರಿಗೆ 24,000. ಸ್ಪೀಕರಿಗೆ 5,000, ಹಾರ್ಡ್‌ಡಿಸ್ಕು ಮತ್ತು ಎರಡು ಪೆನ್‌ಡ್ರೈವಿಗೆ 6,000, ವೈರಿಲ್ಲದ ಕೀಬೋರ್ಡು-ಮೌಸಿಗೆ 2,000. ಅಲ್ಲಿಗೆ ಸರಿಯಾಗಿ ಒಂದು ಲಕ್ಷ. ಮುಂದಿನ ಐದು ವರ್ಷಕ್ಕೆ ಡೇಟಾ 15,000, ಸಣ್ಣಪುಟ್ಟ ರಿಪೇರಿ 15,000, ಹೊಸ ಬ್ಯಾಟರಿ ಒಮ್ಮೆ 15,000, ಟಿವಿಯ ಪವರ್ ಬೋರ್ಡಿಗೆಂದು ಎತ್ತಿಡುವುದು 5,000. ಒಟ್ಟು ಒಂದೂವರೆ ಲಕ್ಷ. ಅದರಲ್ಲಿ ಟಿವಿಯ ಪಾಲು ಮೂರನೇ ಒಂದಂಶವೂ ಅಲ್ಲ. ದಾನಿಗಳು ಕೊಡಿಸುವುದು ಸಾಮಾನ್ಯವಾಗಿ ಆ ಪಾಲನ್ನು. ಉಳಿದದ್ದು ಶಾಲೆಯ ತಲೆಗೆ.

ವಾರಕ್ಕೆ ನಾಲ್ಕು ಅವಧಿ, 40 ನಿಮಿಷದ್ದು, ವರ್ಷಕ್ಕೆ 30 ವಾರ ಓಡಿದರೆ 120 ಅವಧಿ, ಅಂದರೆ 80 ತಾಸು. ಐದು ವರ್ಷಕ್ಕೆ 400 ತಾಸು. ತಾಸಿಗೆ 375 ರೂಪಾಯಿ ಬಿತ್ತು. ಕೋಣೆಯಲ್ಲಿ 16 ಮಕ್ಕಳಿದ್ದರೆ ಮಗುವೊಂದಕ್ಕೆ 23 ರೂಪಾಯಿ. ನಾಲ್ಕು-ಐದಕ್ಕೂ ಅಷ್ಟೇ ಅವಧಿ ಕೊಟ್ಟು ವಾರಕ್ಕೆ ಎಂಟು ಮಾಡಿದರೆ ತಾಸಿನ ಬೆಲೆ 188ಕ್ಕೆ ಇಳಿಯುತ್ತದೆ. ಉದ್ಘಾಟನೆಯ ಉತ್ಸಾಹ ಇಳಿದು ವರ್ಷಕ್ಕೆ 20 ತಾಸಿಗೆ ಬಂದು ನಿಂತರೆ 1,500ಕ್ಕೆ ಏರುತ್ತದೆ. ಸಾಮಾನು ಅದೇ, ಬೆಲೆಯಲ್ಲಿ ಎಂಟು ಪಟ್ಟು ವ್ಯತ್ಯಾಸ.

ಪಕ್ಕದಲ್ಲಿಟ್ಟು ನೋಡಬೇಕಾದ ಅಂಕಿ ಇನ್ನೊಂದಿದೆ. ಊರಲ್ಲೇ ಇರುವ ಪದವೀಧರೆಯೊಬ್ಬರು ಮಧ್ಯಾಹ್ನ ಬಿಸಿಯೂಟದ ನಂತರ ಎರಡು ತಾಸು ಬಂದು ಹಿಂದುಳಿದ ಮಕ್ಕಳನ್ನು ಕೂರಿಸಿಕೊಂಡರೆ, ತಿಂಗಳಿಗೆ 4,000 ಗೌರವಧನ ಎಂದಿಟ್ಟುಕೊಳ್ಳಿ. 22 ದಿನ, 44 ತಾಸು. ತಾಸಿಗೆ 91 ರೂಪಾಯಿ. ವಾರಕ್ಕೆ ನಾಲ್ಕು ಅವಧಿ ಓಡುವ ಟಿವಿಗಿಂತ ನಾಲ್ಕು ಪಟ್ಟು ಅಗ್ಗ. ಎದುರಿಗೆ ಕೂತ ಮನುಷ್ಯರು ಮಗುವಿನ ಸ್ಲೇಟು ನೋಡುತ್ತಾರೆ, ಟಿವಿಗೆ ಅದು ಆಗದು. ಸಭೆಯಲ್ಲಿ ಈ ಅಂಕಿ ಹೇಳಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹಾಗೆಂದು ಟಿವಿ ವಿಷಯ ಅಲ್ಲಿಗೇ ಮುಗಿಯುವುದಿಲ್ಲ. ಆ ಪದವೀಧರೆಗೆ ಹೃದಯದ ಕವಾಟ ಮುಚ್ಚಿ ತೆರೆಯುವುದನ್ನು ಕಪ್ಪು ಹಲಗೆಯ ಮೇಲೆ ತೋರಿಸಲಾಗದು.

ಹಣಕ್ಕಿಂತ ಬೇಗ ಸೋರುವುದು ನಿಮಿಷ. ಪೆಟ್ಟಿಗೆಯ ಕೀಲಿ ಯಾರ ಹತ್ತಿರ, ರಿಮೋಟಿಗೆ ಸೆಲ್ ಇದೆಯೇ, ಪೆನ್‌ಡ್ರೈವ್ ಎಲ್ಲಿ, ಟಿವಿ ಅಪ್‌ಡೇಟ್ ಕೇಳುತ್ತಿದೆ: ಇಷ್ಟರಲ್ಲಿ ಏಳು ನಿಮಿಷ. 120 ಅವಧಿಗೆ 840 ನಿಮಿಷ, ಅಂದರೆ 14 ತಾಸು. ವರ್ಷಕ್ಕೆ 21 ಅವಧಿಗಳು ಪರದೆ ಬೆಳಗುವುದನ್ನು ಕಾಯುತ್ತ ಕಳೆದವು. ಇದಕ್ಕೆ ಮದ್ದು ಸುಲಭದ್ದೇ. ಏಳನೇ ತರಗತಿಯ ಇಬ್ಬರಿಗೆ ವಾರದ ಸರದಿ; ಹಿಂದಿನ ಅವಧಿ ಮುಗಿಯುವ ಮೊದಲೇ ಟಿವಿ ಹಚ್ಚಿ, ತುಣುಕನ್ನು ಆರಂಭದಲ್ಲಿ ನಿಲ್ಲಿಸಿಡುವುದು. ಟಿವಿಯ ಸೆಟ್ಟಿಂಗಿನಲ್ಲಿ ತಾನಾಗಿ ಅಪ್‌ಡೇಟ್ ಆಗುವುದನ್ನು ಬಂದ್ ಮಾಡುವುದು. ಏಳು ನಿಮಿಷ ಒಂದಕ್ಕೆ ಇಳಿಯುತ್ತದೆ.

ಮಾಸ್ತರರ ತಯಾರಿಯ ಸಮಯ ಯಾರ ಪುಸ್ತಕದಲ್ಲೂ ಖರ್ಚೆಂದು ಬರೆಯುವುದಿಲ್ಲ. ಎಂಟು ನಿಮಿಷದ ತುಣುಕು ಆರಿಸಲು ಕಡಿಮೆಯೆಂದರೆ ಅರ್ಧ ತಾಸು ಬೇಕು, ನಾಲ್ಕು ನೋಡಿ ಮೂರು ಬಿಡಬೇಕಾಗುತ್ತದೆ. ಹಾಜರಿ, ಬಿಸಿಯೂಟ, ಮಕ್ಕಳ ವಿವರ ಎಲ್ಲವನ್ನೂ ಮೊಬೈಲಿನಲ್ಲೇ ತುಂಬುವ ಮೂವರಿಗೆ ಇದು ನಾಲ್ಕನೇ ಕೆಲಸ. ಆದ್ದರಿಂದ ಒಂದೇ ಕ್ಲಸ್ಟರಿನ ನಾಲ್ಕೈದು ಶಾಲೆಗಳು ವಿಷಯ ಹಂಚಿಕೊಂಡು, ಆರಿಸಿದ ತುಣುಕುಗಳ ಒಂದೇ ಹಾರ್ಡ್‌ಡಿಸ್ಕನ್ನು ಸಿಆರ್‌ಪಿ (ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ) ಮೂಲಕ ಓಡಾಡಿಸಿದರೆ ಹೊರೆ ಅಷ್ಟು ಪಾಲಾಗುತ್ತದೆ.

ಹಿಂದಿನ ಅನುಭವ ಏನು ಹೇಳುತ್ತದೆ

ಶಾಲೆಗೆ ಯಂತ್ರ ಬಂದದ್ದು ಇದೇ ಮೊದಲಲ್ಲ. ಆಕಾಶವಾಣಿಯ ‘ಕೇಳಿ-ಕಲಿ’ ಕೇಳಿದ ತಲೆಮಾರು ಇದೆ. 2004ರ ಸೆಪ್ಟೆಂಬರಿನಲ್ಲಿ ಪಾಠಕ್ಕೆಂದೇ ‘ಎಜುಸ್ಯಾಟ್’ ಉಪಗ್ರಹ ಹಾರಿತು, 2010ಕ್ಕೆ ಅದರ ಸೇವೆ ಮುಗಿಯಿತು. 2017ರಲ್ಲಿ ಸರ್ಕಾರದ ಪಾಠಗಳ ಆ್ಯಪ್ ‘ದೀಕ್ಷಾ’ ಬಂತು, ಪಠ್ಯಪುಸ್ತಕದ ಮೂಲೆಯಲ್ಲಿ ಕ್ಯೂಆರ್ ಚೌಕ ಕೂತಿತು. 2020ರ ಕೊರೊನಾ ವರ್ಷ ಚಂದನ ವಾಹಿನಿಯಲ್ಲಿ ಪಾಠ ಬಂತು, ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು, ವಿದ್ಯಾಗಮದಲ್ಲಿ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ನಡೆದರು. ಸಿಗ್ನಲ್ ಇಲ್ಲದ ಮನೆಗಳನ್ನು ಕೊನೆಗೂ ತಲುಪಿದ್ದು ಕಾಲುನಡಿಗೆಯೇ.

ಅಳತೆ ಮಾಡಿ ನೋಡಿದ ಭಾರತದ ಅಧ್ಯಯನಗಳು ಮೂರು ಈ ಶಾಲೆಗೆ ನೇರ ಉಪಯೋಗಕ್ಕೆ ಬರುತ್ತವೆ. ವಡೋದರಾದ ನಾಲ್ಕನೇ ತರಗತಿ ಮಕ್ಕಳು ವಾರಕ್ಕೆ ಎರಡು ತಾಸು, ಒಂದು ಕಂಪ್ಯೂಟರಿಗೆ ಇಬ್ಬರಂತೆ ಗಣಿತದ ಆಟ ಆಡಿದರು. ಗಣಿತದಲ್ಲಿ ಚೆನ್ನಾಗಿಯೇ ಮುಂದೆ ಬಂದರು. ಆದರೆ ಕಾರ್ಯಕ್ರಮ ನಿಂತು ವರ್ಷ ಕಳೆದಾಗ ಆ ಲಾಭದ ದೊಡ್ಡ ಪಾಲು ಕರಗಿತ್ತು. ಇದು 2007ರಲ್ಲಿ ಪ್ರಕಟವಾಯಿತು. ಮರುವರ್ಷ ಗುಜರಾತಿನದೇ ಇನ್ನೊಂದು ಅಧ್ಯಯನ ಹೊರಬಂತು: ಶಿಕ್ಷಕರ ಪಾಠದ ಸಮಯ ಕಿತ್ತುಕೊಂಡು ಕಂಪ್ಯೂಟರ್ ಕೂರಿಸಿದಲ್ಲಿ ಮಕ್ಕಳು ಹಿಂದೆ ಬಿದ್ದರು, ಶಾಲೆಯ ಅವಧಿಯ ಹೊರಗೆ ಅದೇ ಕಂಪ್ಯೂಟರ್ ಕೊಟ್ಟಲ್ಲಿ ಮುಂದೆ ಬಂದರು. ಸಾಮಾನು ಬದಲಾಗಲಿಲ್ಲ, ಗಂಟೆ ಬದಲಾಯಿತು. ಮೂರನೆಯದು 2019ರಲ್ಲಿ ಪ್ರಕಟವಾದ ದೆಹಲಿಯ ‘ಮೈಂಡ್‌ಸ್ಪಾರ್ಕ್’ ಅಧ್ಯಯನ. ಮಗು ಯಾವ ತರಗತಿಯಲ್ಲಿದೆ ಎನ್ನುವುದನ್ನು ಬಿಟ್ಟು, ಅದಕ್ಕೆ ಏನು ಬರುತ್ತದೋ ಅಲ್ಲಿಂದ ಲೆಕ್ಕ ಕೊಡುವ ತಂತ್ರಾಂಶ ಅದು. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ದೊಡ್ಡ ಏರಿಕೆ ಕಂಡಿತು. ಆದರೆ ಆ ದಿನನಿತ್ಯದ ಒಂದೂವರೆ ತಾಸಿನಲ್ಲಿ ಅರ್ಧ ಕಂಪ್ಯೂಟರಿನ ಮುಂದೆ, ಇನ್ನರ್ಧ ಮನುಷ್ಯ ಬೋಧಕರೊಬ್ಬರ ಮುಂದೆ ಸಣ್ಣ ಗುಂಪಿನಲ್ಲಿ ಎನ್ನುವುದನ್ನು ಮಾರಾಟಗಾರರು ಹೇಳುವುದಿಲ್ಲ. ಪೆರುವಿನಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಹಂಚಿದ ದೊಡ್ಡ ಯೋಜನೆಯ 2012ರ ಮೌಲ್ಯಮಾಪನದಲ್ಲಿ ಗಣಿತದಲ್ಲೂ ಭಾಷೆಯಲ್ಲೂ ಏರಿಕೆ ಕಾಣಲಿಲ್ಲ.

ಇದರಿಂದ ಈ ಶಾಲೆಗೆ ಬಂದ ತೀರ್ಪು: ಆರನೇ ತರಗತಿಯಲ್ಲಿದ್ದೂ ಭಾಗಾಕಾರ ಬಾರದ ಮಗುವಿಗೆ ಆರನೇ ತರಗತಿಯ ವಿಡಿಯೋ ಎಷ್ಟು ಚೆಂದವಿದ್ದರೂ ಪ್ರಯೋಜನವಿಲ್ಲ. ಅದಕ್ಕೆ 84 ಅಡಿಕೆ ನೆಲದ ಮೇಲೆ ಸುರಿದು ಏಳು ರಾಶಿ ಮಾಡು ಎನ್ನುವುದೇ ಸರಿಯಾದ ಪಾಠ, ಮತ್ತು ಅಡಿಕೆ ಈ ಊರಲ್ಲಿ ಬಿಟ್ಟಿ. ಪರದೆಯ ಕೆಲಸ ಬೇರೆ. ಕಣ್ಣಿಗೆ ಕಾಣದ್ದು, ಒಳಗೆ ನಡೆಯುವುದು, ತೀರ ದೂರದ್ದು: ರಕ್ತಪರಿಚಲನೆ, ಚಂದ್ರನ ಕಲೆಗಳು, ಜ್ವಾಲಾಮುಖಿ. ಇಂಗ್ಲಿಷಿನ ಉಚ್ಚಾರ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು ತೋರಿಸಲು ಟಿವಿ ಬೇಡ, ಬಸ್ಸು ಹತ್ತಿಸಿ ಅಘನಾಶಿನಿ ದಂಡೆಗೆ ಒಯ್ದರೆ ಸಂಜೆಯೊಳಗೆ ತಿರುಗಿ ಬರಬಹುದು.

ಕೂರಿಸುವುದು

ಮೊದಲು ಅಳತೆ. ಪರದೆಯ ಮೇಲಿನ ಬರಹ ಓದಬೇಕಾದರೆ ಕೊನೆಯ ಮಗು ಪರದೆಯ ಎತ್ತರದ ಆರು ಪಟ್ಟಿಗಿಂತ ದೂರ ಕೂರಬಾರದು. 55 ಇಂಚಿನ ಟಿವಿಯ ಎತ್ತರ 68 ಸೆಂಟಿಮೀಟರು, ಆರು ಪಟ್ಟು ಎಂದರೆ ನಾಲ್ಕು ಮೀಟರು. 43 ಇಂಚಿನದ್ದಾದರೆ ಮೂರು ಮೀಟರು ಚಿಲ್ಲರೆ. 16 ಮಕ್ಕಳನ್ನು ನೆಲದ ಮೇಲೆ ಮೂರು ಸಾಲು ಕೂರಿಸಿದರೆ 55 ಸಾಕು. 30 ಮಕ್ಕಳ ತರಗತಿಗೆ, ಆರು ಮೀಟರಿನ ಕೋಣೆಗೆ, ಸಾಲದು. ಕನ್ನಡಕ್ಕೆ ಇನ್ನೊಂದು ತೊಡಕು: ಒತ್ತಕ್ಷರ. ‘ಸ್ವಾತಂತ್ರ್ಯ’ ಎಂದು ಬರೆದಾಗ ಕೆಳಗಿನ ಒತ್ತು ಮೂಲಾಕ್ಷರದ ಅರ್ಧ ಗಾತ್ರದ್ದು. ನಾಲ್ಕು ಮೀಟರು ದೂರಕ್ಕೆ ಒತ್ತು ಕಾಣಬೇಕಾದರೆ ಅಕ್ಷರ ನಾಲ್ಕೈದು ಸೆಂಟಿಮೀಟರು ಇರಬೇಕು, ಅಂದರೆ ಪರದೆಗೆ ಎಂಟು ಸಾಲಿಗಿಂತ ಹೆಚ್ಚು ಹಾಕಬಾರದು.

ಪ್ರೊಜೆಕ್ಟರು ಈ ಕಟ್ಟಡಕ್ಕೆ ಆಗಿಬರುವುದಿಲ್ಲ. ಗಾಜಿನ ಹಂಚಿನಿಂದ ಬೀಳುವ ಬೆಳಕಿಗೆ ಚಿತ್ರ ತೊಳೆದುಹೋಗುತ್ತದೆ, ಗಾಜು ಮುಚ್ಚಿದರೆ ಕರೆಂಟು ಹೋದ ದಿನ ಕೋಣೆ ಕತ್ತಲೆ. ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಷ್ಟು ಬೇರೆ.

ಚಿರೆಕಲ್ಲಿನಲ್ಲಿ ಪ್ಲಾಸ್ಟಿಕ್ ಪ್ಲಗ್ಗು ಹಿಡಿಯುವುದಿಲ್ಲ. ಡ್ರಿಲ್ ಹಾಕುವಾಗ ಗಟ್ಟಿಯಿದ್ದಂತೆ ಕಂಡರೂ ಕಲ್ಲಿನೊಳಗಿನ ತೂತುಗಳಲ್ಲಿ ಪುಡಿ ಉದುರಿ, ಎರಡು ಮಳೆ ಕಳೆಯುವಷ್ಟರಲ್ಲಿ ಸಡಿಲವಾಗುತ್ತದೆ. 15 ಕಿಲೋದ ಟಿವಿಗೆ ಗೋಡೆಯ ಆಚೆ ಬದಿಗೂ ಹಾಯುವ 10 ಮಿಲಿಮೀಟರಿನ ನಾಲ್ಕು ಬೋಲ್ಟು, ಆಚೆ ಬದಿಗೆ ಕಬ್ಬಿಣದ ಪಟ್ಟಿ. ಮಳೆ ಹೊಡೆಯುವ ಪಶ್ಚಿಮದ ಗೋಡೆ ಬೇಡವೇ ಬೇಡ. ಎರಡು ಕೋಣೆಗಳ ನಡುವಿನ ಗೋಡೆ, ಹಿಂದೆ ಮೂರು ಇಂಚು ಖಾಲಿ.

ಕರೆಂಟಿನ ಕೆಲಸದಲ್ಲಿ ದುಡ್ಡು ಉಳಿಸಲು ಹೋದವರು ಟಿವಿ ಕಳೆದುಕೊಳ್ಳುತ್ತಾರೆ. ಸರ್ಜ್ ಪ್ರೊಟೆಕ್ಟರು ಮಾಡುವುದಿಷ್ಟೇ, ತಂತಿಯಲ್ಲಿ ಬಂದ ಹೊಡೆತವನ್ನು ಅರ್ಥಿಗೆ ದಾಟಿಸುವುದು. ಅರ್ಥಿಂಗೇ ಇಲ್ಲದಿದ್ದರೆ ದಾಟಿಸಲು ಜಾಗವಿಲ್ಲ, ಮೂರು ಸಾವಿರ ಕೊಟ್ಟು ಪೆಟ್ಟಿಗೆಗೊಂದು ಅಲಂಕಾರ ತಂದಂತೆ. ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ವಿದ್ಯುತ್ತನ್ನು ಸರಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ಎಂಟು ಅಡಿ ಗುಂಡಿ, ಜಿಐ ಪೈಪು, ಸುತ್ತ ಇದ್ದಿಲು-ಉಪ್ಪಿನ ಪದರ, ಮೇಲೆ ನೀರು ಹೊಯ್ಯಲು ಬಾಯಿ. ಕೈ ತೊಳೆಯುವ ನೀರು ಹರಿದುಹೋಗುವ ಜಾಗದ ಪಕ್ಕ ತೋಡಿದರೆ ವರ್ಷವಿಡೀ ತೇವ ಇರುತ್ತದೆ. ಕೆಲಸ ಮುಗಿದ ಮೇಲೆ ಇಲೆಕ್ಟ್ರಿಷಿಯನ್ನರ ಮೀಟರಿನಲ್ಲಿ ನ್ಯೂಟ್ರಲ್-ಅರ್ಥ್ ನಡುವೆ ಎರಡು-ಮೂರು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಹಣ ಕೊಡಬೇಡಿ, ಏಕೆಂದು ಕೇಳಿ. ಪ್ರೊಟೆಕ್ಟರಿನ ತಂತಿ ಅರ್ಧ ಮೀಟರಿಗಿಂತ ಉದ್ದ ಇರಬಾರದು. ಅದರ ಮುಖದ ಕಿಂಡಿ ಹಸಿರಿದ್ದರೆ ಸರಿ, ಕೆಂಪಾದರೆ ಅದು ತನ್ನ ಪ್ರಾಣ ಕೊಟ್ಟಿದೆ ಎಂದು ತಿಳಿದು ಬದಲಿಸಬೇಕು.

ಸಿಡಿಲು ಕರೆಂಟಿನ ತಂತಿಯಲ್ಲಷ್ಟೇ ಬರುವುದಿಲ್ಲ. ಡಿಶ್ಶಿನ ಕೇಬಲ್ಲಿನಲ್ಲೂ ಬರುತ್ತದೆ. ಫೈಬರಿನ ಗಾಜಿನ ಎಳೆಯಲ್ಲಿ ಬಾರದು, ಆದರೆ ಅದನ್ನು ಹೊತ್ತ ಉಕ್ಕಿನ ತಂತಿಯಲ್ಲಿ ಬಂದೀತು. ಪ್ಲಗ್ಗು ಕಳಚಿ ಕೇಬಲ್ಲು ಬಿಟ್ಟರೆ ಅರ್ಧ ಕೆಲಸ. ಗುಡುಗಿನ ಕಾಲವಾದ ಏಪ್ರಿಲ್-ಮೇ ಬೇಸಿಗೆ ರಜೆಯಲ್ಲೂ, ಅಕ್ಟೋಬರಿನ ಒಂದು ಭಾಗ ದಸರಾ ರಜೆಯಲ್ಲೂ ಬರುವುದು ಅದೃಷ್ಟ ಎನ್ನಬಹುದು. ಆದರೆ ರಜೆಗೆ ಹೋಗುವಾಗ ಕಳಚುವುದನ್ನು ಮರೆತರೆ ಅದೇ ದುರದೃಷ್ಟ.

ಬ್ಯಾಟರಿ ಲೆಕ್ಕ ಹೀಗೆ: 12 ವೋಲ್ಟು, 150 ಎಎಚ್ ಎಂದರೆ 1,800 ವ್ಯಾಟ್-ಅವರ್. ಆಯುಷ್ಯ ಉಳಿಯಬೇಕಾದರೆ ಅರ್ಧವನ್ನೇ ಬಳಸಬೇಕು, ಇನ್ವರ್ಟರಿನ ನಷ್ಟ ಕಳೆದರೆ 740ರಷ್ಟು ಕೈಗೆ ಬರುತ್ತದೆ. ಟಿವಿ 130, ಸ್ಪೀಕರು 20, ಎರಡು ಎಲ್‌ಇಡಿ ಪಟ್ಟಿ 40 ವ್ಯಾಟು. ನಾಲ್ಕು ತಾಸು ಹತ್ತಿರ ಓಡುತ್ತದೆ. ಫ್ಯಾನನ್ನೂ ಬಿಸಿಯೂಟದ ಮಿಕ್ಸರನ್ನೂ ಅದೇ ಸಾಲಿಗೆ ಸೇರಿಸಿದ ದಿನ ಈ ಲೆಕ್ಕ ಮುಗಿಯಿತು. ರಜೆಗೆ ಮೊದಲು ಪೂರ್ತಿ ಚಾರ್ಜು ಮಾಡಿ, ಡಿಸ್ಟಿಲ್ಡ್ ನೀರು ಗುರುತಿನವರೆಗೆ ತುಂಬಿ, ಟರ್ಮಿನಲ್ ಬಿಚ್ಚಿಡಬೇಕು. ಅರ್ಧ ಇಳಿದ ಬ್ಯಾಟರಿಯನ್ನು ಎರಡು ತಿಂಗಳು ಬಿಟ್ಟರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟು ಗಟ್ಟಿಯಾಗಿ, ಜೂನಿನಲ್ಲಿ ಅರ್ಧ ತಾಸಿಗೇ ಕೈಕೊಡುತ್ತದೆ. ಸೋಲಾರ್ ಇದ್ದರೆ ಖರ್ಚು ಉಳಿಯುತ್ತದಲ್ಲ ಎಂಬ ಪ್ರಶ್ನೆ ಬಂತು. ಶಾಲೆಗೆ ಹೆಚ್ಚು ಬೇಕಾಗುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಸೂರ್ಯ ಕಾಣದ್ದೂ ಆಗಲೇ.

ಇದೇ ಶಾಲೆ ಘಟ್ಟದ ಕೆಳಗೆ, ಮಾಜಾಳಿಯಲ್ಲೋ ಬೇಲೇಕೇರಿಯಲ್ಲೋ ಇದ್ದಿದ್ದರೆ ಸಿಡಿಲಿನ ಜೊತೆಗೆ ಉಪ್ಪುಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಿತ್ತು. ಸಮುದ್ರದ ಹತ್ತಿರ ಮೊದಲು ಹೋಗುವುದು ಎಚ್‌ಡಿಎಂಐ, ಯುಎಸ್‌ಬಿ ತೂತುಗಳ ಲೋಹ. ಬಳಸದ ತೂತಿಗೆ ರಬ್ಬರು ಬಿರಟೆ, ಸ್ಟೇನ್‌ಲೆಸ್ ಬೋಲ್ಟು, ಪೆಟ್ಟಿಗೆಯ ಬಾಗಿಲಿಗೆ ಫೋಮು ಪಟ್ಟಿ. ಇಷ್ಟಕ್ಕೆ ಸಾವಿರ ರೂಪಾಯಿ ಮೇಲೆ ಆಗುವುದಿಲ್ಲ.

ಮಳೆಗಾಲದ ಮೂರು ತಿಂಗಳು

ಟಿವಿ ಬಳಸಿ ಹಾಳಾಗುವುದಕ್ಕಿಂತ ಬಳಸದೆ ಹಾಳಾಗುವುದು ಹೆಚ್ಚು. ದಿನಕ್ಕೆ ಅರ್ಧ ತಾಸಾದರೂ ಓಡಿದರೆ ಒಳಗಿನ ಬಿಸಿಗೆ ತೇವ ಆರುತ್ತದೆ. ಜುಲೈಯಲ್ಲಿ ಮಳೆ ರಜೆ, ಕರೆಂಟಿಲ್ಲ, ಮಾಸ್ತರರಿಗೆ ತರಬೇತಿ ಎಂದು ಮೂರು ವಾರ ಪೆಟ್ಟಿಗೆ ಮುಚ್ಚಿಟ್ಟರೆ, ತೆರೆದ ದಿನ ಪವರ್ ಬೋರ್ಡು ಸತ್ತಿರಲೂಬಹುದು. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ಲಿನ ಅರ್ಧ ಕಿಲೋ ಚೀಲ. ಬಣ್ಣ ಬದಲಾದಾಗ ಬಿಸಿಯೂಟದ ಒಲೆಯ ಬಳಿ ಒಣಗಿಸಿ ಮತ್ತೆ ಇಡಬಹುದು. ಸ್ವಿಚ್‌ಬೋರ್ಡಿನೊಳಗೆ ಇರುವೆ ಗೂಡು ಕಟ್ಟುತ್ತದೆ, ಇನ್ವರ್ಟರಿನ ಕಿಂಡಿಯಲ್ಲಿ ಹಲ್ಲಿ ಹೊಕ್ಕು ಸತ್ತು ಶಾರ್ಟ್ ಮಾಡುತ್ತದೆ. ಕಿಂಡಿಗೆ ಸೊಳ್ಳೆಪರದೆಯ ಜಾಲರಿ ಅಂಟಿಸಿದರೆ ಸಾಕು, ಪೂರ್ತಿ ಮುಚ್ಚಿದರೆ ಇನ್ವರ್ಟರು ಕಾಯುತ್ತದೆ.

ಹಂಚಿನ ಮೇಲೆ ಜಡಿಮಳೆ ಹೊಯ್ಯುವಾಗ ಟಿವಿಯ ಮಾತು ಎರಡನೇ ಸಾಲಿಗೂ ಕೇಳುವುದಿಲ್ಲ. ಅಂಥ ದಿನಕ್ಕೆಂದೇ ಮಾತಿಲ್ಲದ ಚಿತ್ರಗಳ ಒಂದು ಫೋಲ್ಡರು ಬೇರೆ ಇಟ್ಟಿರಬೇಕು.

ಇಂಟರ್ನೆಟ್ಟನ್ನು ನಂಬಿ ಪಾಠ ಯೋಜಿಸಬಾರದು. ವಾರಕ್ಕೆ ನಾಲ್ಕು ತುಣುಕು, ತಲಾ ನೂರು ಎಂಬಿ ಒಳಗೆ, ತಿಂಗಳಿಗೆ 1.6 ಜಿಬಿ. ಸಂಬಳದ ದಿನವೋ ಸಭೆಯ ದಿನವೋ ಶಿರಸಿಗೆ ಹೋದಾಗ ಇಳಿಸಿಕೊಂಡು ಬಂದರೆ ಮುಗಿಯಿತು. ದೀಕ್ಷಾದಲ್ಲಿ ಇಳಿಸಿಟ್ಟುಕೊಂಡದ್ದು ಸಿಗ್ನಲ್ ಇಲ್ಲದೆಯೂ ಓಡುತ್ತದೆ. ಪೆನ್‌ಡ್ರೈವು ಟಿವಿಗೆ ಓದಲು ಬಾರದಿದ್ದರೆ ಅದನ್ನು ಎಫ್‌ಎಟಿ32ಕ್ಕೆ ಫಾರ್ಮ್ಯಾಟ್ ಮಾಡಿ. ಆಗ ಒಂದು ಫೈಲು 4 ಜಿಬಿ ಮೀರಬಾರದು, ನಮ್ಮ ತುಣುಕುಗಳಿಗೆ ಅದು ತೊಂದರೆಯಲ್ಲ. ಚಿತ್ರ ಬಂದು ದನಿ ಬಾರದಿದ್ದರೆ ಫೈಲಿನ ದನಿಯ ಮಾದರಿ ಟಿವಿಗೆ ತಿಳಿಯುತ್ತಿಲ್ಲ, ದನಿ ಎಎಸಿ (AAC) ಮಾದರಿಯಲ್ಲಿರುವ ಎಂಪಿ4 ಆಗಿ ಬದಲಿಸಿಕೊಳ್ಳಬೇಕು. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಗಳನ್ನು ಟಿವಿಗೆ ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಯುನಿಕೋಡಿಗೆ ತನ್ನಿ, ಇಲ್ಲವೇ ಟೈಪ್ ಮಾಡಿದ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಕೊಳ್ಳಿ.

ಒಂದು ತುಣುಕು, ನಾಲ್ಕು ನಿಲುಗಡೆ

ಏಳನೇ ತರಗತಿಯ ರಕ್ತಪರಿಚಲನೆ. ಎಂಟು ನಿಮಿಷದ ತುಣುಕನ್ನು ಒಂದೇ ಸಮನೆ ಹಾಕಿ ‘ಅರ್ಥ ಆಯ್ತಾ’ ಎಂದರೆ ‘ಆಯ್ತು ಸರ್’ ಎಂಬ ಕೂಗು ಬರುತ್ತದೆ, ಮತ್ತೇನೂ ಬರುವುದಿಲ್ಲ.

ಮೊದಲು ಮಕ್ಕಳು ತಮ್ಮ ಮಣಿಕಟ್ಟಿನ ನಾಡಿ ಹಿಡಿದು ಒಂದು ನಿಮಿಷ ಎಣಿಸಿ ಹಲಗೆಯ ಮೇಲೆ ಬರೆಯುತ್ತಾರೆ, ಜಗಲಿ ಸುತ್ತ ಎರಡು ಸುತ್ತು ಓಡಿ ಬಂದು ಮತ್ತೆ ಬರೆಯುತ್ತಾರೆ. ಪರದೆ ಬರುವುದು ಆಮೇಲೆ. ಮೊದಲ ಎರಡು ನಿಮಿಷ ದನಿ ಮುಚ್ಚಿ. ಏನು ಕಂಡಿತು ಎಂದು ಮಕ್ಕಳೇ ಹೇಳಬೇಕು, ತಮ್ಮ ಮಾತಲ್ಲಿ. ಮನೆಯಲ್ಲಿ ಹವ್ಯಕ ಕನ್ನಡ, ಕೊಂಕಣಿ, ಮರಾಠಿ ಆಡುವ ಮಕ್ಕಳು ಒಂದೇ ಕೋಣೆಯಲ್ಲಿ ಇರುವಾಗ ವಿಡಿಯೋದ ಬೆಂಗಳೂರು ಕನ್ನಡದ ವೇಗಕ್ಕೆ ಅರ್ಧದಷ್ಟು ಮಕ್ಕಳು ಹಿಂದೆ ಉಳಿಯುತ್ತಾರೆ. ಕಂಡದ್ದಕ್ಕೆ ಮಾತು ಮೊದಲೇ ಸಿಕ್ಕಿದ್ದರೆ ‘ಹೃತ್ಕರ್ಣ’, ‘ಹೃತ್ಕುಕ್ಷಿ’ ಎಂಬ ಪುಸ್ತಕದ ಪದಗಳು ಆಮೇಲೆ ಕೂರುತ್ತವೆ. ಎರಡನೇ ನಿಲುಗಡೆ ಕವಾಟ ಮುಚ್ಚುವ ಕ್ಷಣಕ್ಕೆ: ಮುಚ್ಚದಿದ್ದರೆ ಏನಾಗುತ್ತಿತ್ತು? ತೋಟಕ್ಕೆ ನೀರು ಬಿಡುವ ಪಂಪಿನ ಫುಟ್‌ವಾಲ್ವು ಕೆಟ್ಟರೆ ನೀರು ತಿರುಗಿ ಬಾವಿಗೆ ಇಳಿಯುವುದನ್ನು ಕಂಡ ಹುಡುಗ ಇಲ್ಲಿ ಉತ್ತರ ಹೇಳಿಯೇ ಹೇಳುತ್ತಾನೆ. ಮೂರನೆಯದಕ್ಕೆ ಪರದೆ ನಿಲ್ಲಿಸಿ ನೋಟ್‌ಬುಕ್ಕಿನಲ್ಲಿ ಬಾಣದ ಗುರುತು. ನಾಲ್ಕನೆಯದಕ್ಕೆ ಟಿವಿ ಆರಿಸಿ ಒಬ್ಬರು ಹಲಗೆಗೆ. ಪರದೆ ಓಡಿದ್ದು ಒಟ್ಟು ಎಂಟು ನಿಮಿಷ, ಅವಧಿ ನಲವತ್ತು. ತಾಸಿಗೆ 375 ರೂಪಾಯಿ ಕೊಟ್ಟದ್ದಕ್ಕೆ ಬೆಲೆ ಬರುವುದು ಉಳಿದ ಮೂವತ್ತೆರಡು ನಿಮಿಷದಲ್ಲಿ.

ಠರಾವು

ಸಭೆ ಪ್ಯಾನೆಲ್ಲನ್ನು ಬಿಟ್ಟಿತು. ಟ್ಯಾಬ್ಲೆಟ್ಟು ಕೊಳ್ಳೋಣ ಎಂದವರೂ ಇದ್ದರು. 11,000ದ ಹತ್ತು ಟ್ಯಾಬ್ಲೆಟ್ಟಿಗೆ 1,10,000. ಮೂರು ವರ್ಷಕ್ಕೆ ಬ್ಯಾಟರಿ ಉಬ್ಬುತ್ತದೆ, ದಿನಾ ಹತ್ತನ್ನು ಚಾರ್ಜಿಗೆ ಹಾಕುವ ಕೈ ಬೇಕು, ಮಗುವಿನ ಮಟ್ಟಕ್ಕೆ ಹೊಂದಿಕೊಂಡು ಕನ್ನಡದಲ್ಲೇ ಲೆಕ್ಕ ಕೊಡುವ ತಂತ್ರಾಂಶ ಮೊದಲು ಕೈಯಲ್ಲಿರಬೇಕು. ಅದು ಸಿಕ್ಕಿ, ಸಿಗ್ನಲ್ ಇಲ್ಲದೆಯೂ ಓಡುವುದನ್ನು ಎರಡು ಹಳೆಯ ಫೋನಿನಲ್ಲಿ ನೋಡಿದ ಮೇಲೆ ಆ ಮಾತು ಎಂದು ಮುಂದೂಡಿದರು. ಇದು ಸರಿಯಾದ ನಿರ್ಧಾರ. ದೆಹಲಿಯಲ್ಲಿ ಕೆಲಸ ಮಾಡಿದ್ದು ಕಂಪ್ಯೂಟರಿನ ಗಾಜಲ್ಲ, ಒಳಗಿನ ಲೆಕ್ಕದ ಸರಣಿ ಮತ್ತು ಜೊತೆಗಿದ್ದ ಬೋಧಕರು.

ಒಂದೂವರೆ ಲಕ್ಷ ಟಿವಿ ಮತ್ತು ಅದರ ಐದು ವರ್ಷದ ನಿರ್ವಹಣೆಗೆ. ಅದರಲ್ಲಿ ಮುಂದಿನ ವರ್ಷಗಳ 50,000ವನ್ನು ಬೇರೆ ಖಾತೆಯಲ್ಲಿ ಠೇವಣಿ ಇಡುವುದು. ಉಳಿದ ಒಂದು ಲಕ್ಷ ಮಧ್ಯಾಹ್ನದ ಬೋಧಕಿಗೆ, ತಿಂಗಳಿಗೆ 4,000ದಂತೆ 25 ತಿಂಗಳು, ಅಂದರೆ ಎರಡೂವರೆ ಶಾಲಾ ವರ್ಷ. ಆಮೇಲೇನು ಎಂಬುದಕ್ಕೆ ಸಭೆಯಲ್ಲಿ ಉತ್ತರ ಇರಲಿಲ್ಲ. ಹಳೆಯ ವಿದ್ಯಾರ್ಥಿಗಳಿಗೆ ಬರೆದ ಪತ್ರದಲ್ಲಿ ಅದನ್ನು ಮುಚ್ಚಿಡದೆ ಬರೆದರು. ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಜಾಗ ಟಿವಿಯ ಪಕ್ಕ ಸಿಗುತ್ತದೆ, ಬೋಧಕಿಯ ಪಕ್ಕ ಸಿಗುವುದಿಲ್ಲ ಎನ್ನುವುದು ದಾನದ ವಿಷಯದಲ್ಲಿ ಸಣ್ಣ ಮಾತಲ್ಲ. ಅದಕ್ಕೆ ಪ್ರತಿ ಮಾರ್ಚಿನಲ್ಲಿ ಮಕ್ಕಳ ಓದಿನ ಪಟ್ಟಿಯನ್ನು ದಾನಿಗಳಿಗೆ ಕಳಿಸುವುದೆಂದು ಆಯಿತು.

ಆ ಪಟ್ಟಿಗೆ ಯಂತ್ರ ಬೇಡ. ಜೂನಿನಲ್ಲಿ ನಾಲ್ಕರಿಂದ ಏಳರ 32 ಮಕ್ಕಳಿಗೆ ಒಬ್ಬೊಬ್ಬರಿಗೆ ಹತ್ತು ನಿಮಿಷ: ಎರಡನೇ ತರಗತಿ ಮಟ್ಟದ ಒಂದು ಪ್ಯಾರಾ ಗಟ್ಟಿಯಾಗಿ ಓದುವುದು, ದಶಕ ತೆಗೆದುಕೊಂಡು ಕಳೆಯುವ ಒಂದು ಲೆಕ್ಕ, ಒಂದು ಭಾಗಾಕಾರ. ಡಿಸೆಂಬರಿನಲ್ಲೂ ಮಾರ್ಚಿನಲ್ಲೂ ಅದನ್ನೇ ಬೇರೆ ಅಂಕಿಗಳಲ್ಲಿ. ಹತ್ತಿರದ ಇನ್ನೊಂದು ಶಾಲೆಯಲ್ಲೂ ಇದೇ ಮೂರು ಪ್ರಶ್ನೆ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಮಕ್ಕಳು ಒಂದು ವರ್ಷ ದೊಡ್ಡವರಾದದ್ದನ್ನೂ ಟಿವಿಯ ಖಾತೆಗೆ ಬರೆದುಬಿಡುತ್ತೇವೆ.

ಟಿವಿಯ ಪಕ್ಕ ದಾರಕ್ಕೆ ಕಟ್ಟಿದ ಒಂದು ನೋಟ್‌ಬುಕ್ಕು. ದಿನಾಂಕ, ಪಾಠ, ಹಚ್ಚಲು ಹಿಡಿದ ನಿಮಿಷ, ಓಡಿದ ನಿಮಿಷ, ಮಕ್ಕಳು ಕೇಳಿದ ಒಂದು ಪ್ರಶ್ನೆ. ಕೊನೆಯ ಕಾಲಮ್ಮು ಸತತ ಎರಡು ವಾರ ಖಾಲಿ ಬಿದ್ದರೆ ಪಾಠದ ಬದಲು ಸಿನಿಮಾ ನಡೆಯುತ್ತಿದೆ ಎಂದು ಲೆಕ್ಕ. ತಿಂಗಳ ಕೊನೆಗೆ ಟಿವಿ ಹಚ್ಚಿದ ಅವಧಿಗಳನ್ನು ಕೂಡಿಸಿ ತಾಸಿನ ಬೆಲೆ ಹಾಕುವ ಕೆಲಸವನ್ನು ಏಳನೇ ತರಗತಿಯ ಗಣಿತಕ್ಕೆ ಬಿಟ್ಟರು.

ಠರಾವಿನ ಕೊನೆಯ ಸಾಲು ಎರಡು ಹೆಸರುಗಳದ್ದು: ಬೇಸಿಗೆ ರಜೆಯ ಹಿಂದಿನ ಸಂಜೆ ಪ್ಲಗ್ಗು, ಕೇಬಲ್ಲು, ಬ್ಯಾಟರಿ ಟರ್ಮಿನಲ್ ಮೂರನ್ನೂ ಕಳಚುವವರು ಯಾರು, ಅವರು ಊರಲ್ಲಿ ಇಲ್ಲದಿದ್ದರೆ ಇನ್ಯಾರು.